ಎರಡನೇ ತಗಡು

ಮನೆ, ಮುಂದಿನ ಕೋಣೆ, ಕಿಟಕಿ ಪಕ್ಕ
ಭಾನುವಾರ ಬೆಳಿಗ್ಗೆ, ಮಾರ್ಚ್ ೧೪

ಪ್ರೀತಿಯ ತಮ್ಮಾ,

ಅಣ್ಣನ ಆಶೀರ್ವಾದ. ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಕಾಲು ಊದುವುದು ಕಡಿಮೆಯಾಯಿತೇ? ನನ್ನ ಅಕ್ಷರ ಕಂಡು ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಮದುವೆ ಕಾಗದ, ಸಾವಿನ ಸುದ್ದಿ ಬಿಟ್ಟರೆ ಮೂವತ್ತೊಂದು ವರ್ಷದಲ್ಲಿ ನಿನಗೆ ನಾಲ್ಕು ಸಾಲು ಬರೆದವನಲ್ಲ ನಾನು. ಇವತ್ತು ಬರೆಯುತ್ತಿದ್ದೇನೆ ಎಂದರೆ ಕಾರಣ ಇದೆ. ಮೊದಲು ನನ್ನ ಮಂಡಿ ಪುರಾಣ ಕೇಳಿಬಿಡು.

ಆಪರೇಷನ್ ಆಗಿ ಐದು ವಾರವಾಯಿತು. ಕುರ್ಚಿಯಿಂದ ಮಂಚ, ಮಂಚದಿಂದ ಕುರ್ಚಿ. "ಕೂತಲ್ಲೇ ಕೂತು ನನ್ನ ಪ್ರಾಣ ತಿನ್ಬೇಡಿ" ಅಂತ ನಿನ್ನ ಅತ್ತಿಗೆ ದಿನಕ್ಕೆ ಹತ್ತು ಸಲ ಗೊಣಗುವುದನ್ನು ಕೇಳಲಾಗದೆ ಮಗಳು ತನ್ನ ಹಳೆಯ ಕಂಪ್ಯೂಟರನ್ನು ನನ್ನ ಮುಂದೆ ತಂದಿಟ್ಟಳು. ಯಾರೋ ಪುಣ್ಯಾತ್ಮ ಹಳೆಯ ಬೇಸ್‌ಬಾಲ್ ಪ್ರಸಾರಗಳನ್ನೆಲ್ಲ ಹುಡುಕಿ ಇಂಟರ್‌ನೆಟ್ಟಿಗೆ ಹಾಕುತ್ತಿದ್ದಾನೆ, ಗೊತ್ತೇನೋ? ಚಿತ್ರ ಮಸುಕು, ಧ್ವನಿ ಗರಗರ, ಆದರೂ ಊಟ ತಿಂಡಿ ಮರೆತು ನೋಡಿದೆ. ಎಲ್ಲರೂ ಆಟ ನೋಡಿದರೆ ನಾನು ಸ್ಕೋರ್ ಬೋರ್ಡ್ ನೋಡುತ್ತೇನೆ. ಕಾರ್ಖಾನೆ ಮೈದಾನದಲ್ಲಿ ಒಬ್ಬೊಬ್ಬರು ಔಟಾದಾಗಲೂ ಬೋರ್ಡಿಗೆ ಒಂದೊಂದು ಕೆಂಪು ತಗಡು ನೇತುಹಾಕುತ್ತಿದ್ದವನಲ್ಲವೇ, ಹುಟ್ಟುಗುಣ ಸುಟ್ಟರೂ ಹೋಗದು. ಯಾವುದೋ ಕಾಲದ ಬೋರ್ಡಿನವನಿಗೆ "ಲೋ ಸೋಮಾರಿ, ಬೇಗ ಹಾಕೋ!" ಅಂತ ನಾನು ಕೂಗುವುದು, ಒಳಗಿನಿಂದ ನಿನ್ನ ಅತ್ತಿಗೆ ನಗುವುದು. ದಿನ ಹೀಗೇ ಕಳೆಯುತ್ತಿತ್ತು.

ಗುರುವಾರ ಮಧ್ಯಾಹ್ನ ನಮ್ಮದೇ ಆಟ ಸಿಕ್ಕಿತು. ಕಾರ್ಖಾನೆ ತಂಡಗಳ ಆ ಫೈನಲ್. ಟಿ.ವಿ.ಯವರು ಬಂದಿದ್ದರಲ್ಲ, ನಾವೆಲ್ಲ ಮೈದಾನದಲ್ಲೇ ಇದ್ದುದರಿಂದ ಅದನ್ನು ನೋಡಿರಲೇ ಇಲ್ಲ. ಮುಚ್ಚಿಬಿಡೋಣ ಅನ್ನಿಸಿತು. ಆದರೆ ಕೈ ಕೇಳಲಿಲ್ಲ.

ಕೊನೆಯ ಸರದಿ, ಒಂದೇ ರನ್ ಹಿಂದಿದ್ದೇವೆ. ನೀನು ಮೂರನೇ ಬೇಸ್‌ನಲ್ಲಿ ನಿಂತಿದ್ದೀಯ. ಚೆಂಡು ಮುಗಿಲಿಗೆ ಏರಿತು. ಎರಡು ಔಟ್ ಆಗಿದ್ದರೆ ಬ್ಯಾಟಿಗೆ ತಾಗಿದ ಕ್ಷಣವೇ ಓಡಬೇಕು. ಒಂದೇ ಆಗಿದ್ದರೆ ಕ್ಯಾಚ್ ಹಿಡಿಯುವ ತನಕ ಬೇಸಿಗೆ ಕಾಲು ಅಂಟಿಸಿಕೊಂಡು ನಿಲ್ಲಬೇಕು. ಆಗಿದ್ದದ್ದು ಒಂದೇ. ನೀನು ಓಡಿದೆ. ಅವರು ಕ್ಯಾಚ್ ಹಿಡಿದು ಚೆಂಡನ್ನು ನೀನು ಬಿಟ್ಟ ಬೇಸಿಗೆ ಎಸೆದರು, ನೀನೂ ಔಟ್, ಮೂರು ಔಟಾಗಿ ಆಟವೂ ಮುಗಿಯಿತು. ಎದುರಿನವರಿಗೆ ಆಟ ಮಾರಿದ ಅಂತ ಜನ ಆಡಿಕೊಂಡರು. ನಾನು ತಗಡುಗಳನ್ನೆಲ್ಲ ಕಳಚಿಟ್ಟಾದ ಮೇಲೆ ನೀನು ಬೋರ್ಡಿನ ಹಿಂದಕ್ಕೆ ಓಡಿಬಂದು, "ಅಣ್ಣಾ, ಬೋರ್ಡಲ್ಲಿ ಎರಡಿತ್ತು, ಹೇಳಣ್ಣಾ ಇವ್ರಿಗೆ" ಅಂದೆ. ನಾನು ಇಡೀ ತಂಡದ ಎದುರಿಗೆ, "ನನ್ನ ಬೋರ್ಡ್ ಸುಳ್ಳು ಹೇಳಲ್ಲ. ಹೇಳ್ತಿರೋನು ನೀನು" ಅಂದುಬಿಟ್ಟೆ. ಒಡಹುಟ್ಟಿದವನೇ ಹೇಳಿದ ಮೇಲೆ ಇನ್ನೇನು ಸಾಕ್ಷಿ ಬೇಕು ಅವರಿಗೆ? ಆ ವಾರವೇ ನೀನು ಊರು ಬಿಟ್ಟೆ. ನನಗೆ ನಿನ್ನ ಮೇಲೆ ಕೋಪವಿತ್ತು ಅಂದುಕೊಂಡಿರಬಹುದು. ಕೋಪವಲ್ಲ ಕಣೋ, ನಾಚಿಕೆ. ನಾನು ಕೈ ಹಿಡಿದು ಓಡಲು ಕಲಿಸಿದವನು ಹೀಗೆ ಮಾಡಿದನಲ್ಲ ಅಂತ ಒಳಗೊಳಗೇ ಬೇಯುತ್ತಿದ್ದೆ.

ಈಗ ಗುರುವಾರ ಕಂಡದ್ದನ್ನು ಹೇಳುತ್ತೇನೆ. ಆ ಕೊನೆಯ ಹೊಡೆತಕ್ಕೆ ಹಿಂದಿನ ಹೊಡೆತದಲ್ಲಿ ನೀನು ಎರಡರಿಂದ ಮೂರನೇ ಬೇಸಿಗೆ ತಲೆ ತಗ್ಗಿಸಿ ಓಡುತ್ತಿದ್ದೀಯ. ನಿನ್ನ ಬೆನ್ನ ಹಿಂದೆ, ಎದುರು ತಂಡದ ಮೊದಲನೇ ಬೇಸಿನವನು ಚೆಂಡು ಹಿಡಿದ, ಅಷ್ಟರಲ್ಲಿ ಅದು ಅವನ ಕೈಗವಸಿನಿಂದ ಜಾರಿ ಬಿತ್ತು. ಅಂಪೈರ್ ಎರಡೂ ಕೈ ಚಾಚಿ ಔಟಿಲ್ಲ ಅಂದ. ಆದರೆ ಬೋರ್ಡಿನ ಕಿಂಡಿಯಿಂದ ಅದಕ್ಕೆ ಮೊದಲೇ ಒಂದು ಕೈ ಹೊರಬಂದು ಎರಡನೇ ಕೆಂಪು ತಗಡನ್ನು ನೇತುಹಾಕಿ ಒಳಗೆ ಹೋಗಿತ್ತು. "ಅಂಪೈರ್ ಕೈ ಎತ್ತೋ ಮೊದ್ಲೇ ನನ್ನ ತಗಡು ಬಿದ್ದಿರುತ್ತೆ" ಅಂತ ಜಂಬ ಕೊಚ್ಚುತ್ತಿದ್ದೆನಲ್ಲ, ಆ ಕೈ. ತಿರುಗಿ ನೋಡಲೇ ಇಲ್ಲ; ಅಂಪೈರ್ ಒಂದೇ ಔಟ್ ಅಂದದ್ದರಿಂದ ನನ್ನ ಬೋರ್ಡಲ್ಲೂ ಒಂದೇ ಇತ್ತು ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ನೀನು ಮೂರನೇ ಬೇಸಿನಲ್ಲಿ ಎದ್ದು, ಮಣ್ಣು ಕೊಡವಿ, ತಲೆಯೆತ್ತಿ ಬೋರ್ಡ್ ನೋಡಿದ್ದು ಸ್ಪಷ್ಟವಾಗಿ ಕಾಣುತ್ತದೆ. ನಿನ್ನ ಅಣ್ಣನ ಬೋರ್ಡನ್ನು ನೀನು ನಂಬಿದ್ದೆ.

ಅಳಬೇಕಿತ್ತು, ನಗು ಬಂತು ನನಗೆ. "ನನ್ನ ತಮ್ಮ ಆಟ ಮಾರ್ಲಿಲ್ಲ ಕಣೇ! ತಪ್ಪು ನಂದು, ನಂದೇ!" ಅಂತ ಕಿರುಚಿದ್ದಕ್ಕೆ ನಿನ್ನ ಅತ್ತಿಗೆ ಒದ್ದೆ ಕೈಯಲ್ಲೇ ಓಡಿಬಂದಳು. "ತಪ್ಪು ಮಾಡಿದ್ದಕ್ಕೆ ಇಷ್ಟು ಖುಷಿ ಪಡೋರನ್ನ ನಾನು ಕಂಡಿಲ್ಲ" ಅಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅವ್ನು ಅಂಥೋನಲ್ಲ ಅಂತ ನಾನು ಬಡ್ಕೊಂಡೆ, ನೀವು ಕೇಳಿದ್ರಾ?" ಅಂತ ಬೈದಳು. ಬೈಯಲಿ. ನನ್ನ ಎದೆ ಮೇಲಿನ ಕಲ್ಲು ಇಳಿದುಹೋಗಿದೆ. ನನ್ನ ತಮ್ಮ ಕಳ್ಳನಲ್ಲ ಎಂದಾದರೆ ನಾನು ಎಷ್ಟು ದೊಡ್ಡ ಮೂರ್ಖನಾದರೂ ಚಿಂತೆಯಿಲ್ಲ. ಆದರೆ ಇಷ್ಟು ವರ್ಷ ನಿನ್ನ ತಲೆಗೆ ಕಟ್ಟಿದ್ದನ್ನು ಇಳಿಸುವುದು ಹೇಗೆ? ತಪ್ಪಾಯಿತು ಕಣೋ. ದೊಡ್ಡ ತಪ್ಪಾಯಿತು.

ಮಾತ್ರೆ ತಪ್ಪಿಸಬೇಡ. ಮನೆಯವರಿಗೆ ನಮ್ಮೆಲ್ಲರ ನೆನಪು ಹೇಳು. ನೂರು ಕಾಲ ಸುಖವಾಗಿರು.

ನಿನ್ನ ಅಣ್ಣ,
ಬೋರ್ಡಿನವನು

ಮರೆತಿದ್ದೆ: ತಂಡದಲ್ಲಿ ಉಳಿದಿರುವ ಏಳು ಮುದುಕರನ್ನೂ ಮುಂದಿನ ಭಾನುವಾರ ಸಂಜೆ ಐದಕ್ಕೆ ಮನೆಗೆ ಕರೆದಿದ್ದೇನೆ. ನನ್ನ ಮಂಡಿ ನೋಡಲು ಅಂತ ಅಂದುಕೊಂಡಿದ್ದಾರೆ. ಆ ಜಾಗದಲ್ಲಿ ಚಿತ್ರ ನಿಲ್ಲಿಸಿ, ಕೋಲು ಹಿಡಿದು ಎದ್ದು ನಿಂತು, ಆ ಕೈ ನನ್ನದು ಅಂತ ಹೇಳುತ್ತೇನೆ. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂತೆಗೆದುಕೊಳ್ಳಬೇಕು. ನೀನು ಬಾರೋ. ಬಸ್ಸು ತಡವಾದರೂ ಪರವಾಗಿಲ್ಲ, ರಾತ್ರಿಯಾದರೂ ಅವರನ್ನು ಕೂರಿಸಿಕೊಂಡಿರುತ್ತೇನೆ, ನೀನು ಬಾಗಿಲು ದಾಟುವ ತನಕ ಬಾಯಿ ಬಿಡುವುದಿಲ್ಲ. ಅವಸರ ಒಂದು ಸಲ ಮಾಡಿದ್ದೇ ಸಾಕು.