ಬ್ಯೂಕಿಗೆ ಇಟ್ಟ ಬೊಟ್ಟು

ಮಣ್ಣಗುಡ್ಡ, ೭ ಅಕ್ಟೋಬರ್ ೧೯೩೮, ಶುಕ್ರವಾರ

ನನ್ನವರು ತೀರಿಹೋದರೂ ಅವರ ಬ್ಯೂಕ್ ಕಾರಿಗೆ ಎಣ್ಣೆ ಬದಲಿಸುವ ದಿನ ಮಾತ್ರ ತಪ್ಪಲಿಲ್ಲ.

ಡ್ರೈವರ್ ನೋಣಯ್ಯ ಎಣ್ಣೆ ಬದಲಿಸಿ, ಗ್ರೀಸ್ ಹಾಕಿ, ಕರಿ ಬಾನೆಟ್ಟನ್ನು ಕನ್ನಡಿಯ ಹಾಗೆ ಉಜ್ಜಿದ. ಆಮೇಲೆ ಎಂದಿನಂತೆ ಕುಂಕುಮದ ಕರಡಿಗೆಯನ್ನು ನನ್ನ ಮುಂದೆ ಹಿಡಿದ. ಪ್ರತಿ ಸಲವೂ ಕಾರಿಗೆ ಬೊಟ್ಟಿಡುತ್ತಿದ್ದವಳು ನಾನೇ. ನನ್ನ ಹಣೆ ಬರಿದಾದದ್ದು ಆ ಗಳಿಗೆಯಲ್ಲಿ ಅವನಿಗೆ ಮರೆತುಹೋಗಿತ್ತು. ನೆನಪಾದದ್ದೇ ಕರಡಿಗೆಯನ್ನು ಹಿಂದಕ್ಕೆ ಎಳೆದುಕೊಂಡ.

"ತಪ್ಪಾಯ್ತು ಅಮ್ಮ."

"ಎಂತ ಮಾಡುವುದು ಮಾರಾಯ. ನೀನೇ ಇಡು."

ಇಟ್ಟ. ನಾನು ಬಗ್ಗಿ ನೋಡಿದೆ. ಬಾನೆಟ್ಟಿನ ಹೊಳಪಿನಲ್ಲಿ ನನ್ನ ಮುಖವಿತ್ತು, ಆ ಬೊಟ್ಟು ಸರಿಯಾಗಿ ಹಣೆಯ ನಡುವೆ ಬಂದಿತ್ತು.

ಅತ್ತೆ ಒಳಗಿನಿಂದ ಕರೆದರು. ಮತ್ತೆ ಕರೆದರು. ಅಲುಗಿದರೆ ಬೊಟ್ಟು ಹಣೆಯಿಂದ ಜಾರುತ್ತದೆಂದು ನಾನು ಓಗೊಡಲೇ ಇಲ್ಲ.