ಕಾಲರೇಖೆ ಹರಿದವರು

ಸೆಪ್ಟೆಂಬರ್ 3, ಮಂಗಳವಾರ

ಏಳನೇ ಕ್ಲಾಸಿನಲ್ಲಿ ಪೌರನೀತಿ ಅರ್ಧಕ್ಕೆ ನಿಲ್ಲಿಸಿ ಕಾಲರೇಖೆ ಅಂಟಿಸಿದ್ದಾಯಿತು. ಹನ್ನೆರಡು ಅಡಿ ಚಾರ್ಟು. ಊರು ಹುಟ್ಟಿದ್ದು, ಸೇತುವೆ, ರೈಲು, ಶಾಲೆ, ಶಾಲೆಗೆ ಮೇಲಂತಸ್ತು... ಎಲ್ಲ ಇಸವಿ ಪ್ರಕಾರ. ನಲವತ್ತೊಂದು ಮಕ್ಕಳು, ನಲವತ್ತೊಂದು ಬಗೆಯ ಕಾಗೆಕಾಲು-ಗುಬ್ಬಿಕಾಲು ಅಕ್ಷರ. ಜಾಗ ತೋರಿಸಿದ್ದು ಹೆಡ್‌ಮಿಸ್. "ಎಡಗಡೆ ಗೋಡೇಲಿ ಬಿರುಕಿದೆ ಸಾರ್, ಅದರ ಮೇಲೆ ಹಾಕಿ. ಇನ್‌ಸ್ಪೆಕ್ಷನ್‌ಗೆ ಬಂದೋರ ಕಣ್ಣಿಗೆ ಬೀಳೋದು ಬೇಡ." ಕೂದಲೆಳೆಯಷ್ಟು ಬಿರುಕು. ಪಾಠವೂ ಆಯಿತು, ಗೋಡೆಯ ಮಾನವೂ ಉಳಿಯಿತು.

ಮೇಲಿನ ಕೋಣೆಗೆ ಹೊಸ ಪಠ್ಯಪುಸ್ತಕಗಳ ಬಂಡಲ್‌ಗಳು ಬಂದಿವೆ. ಸುತ್ತಲಿನ ಶಾಲೆಗಳಿಗೆಲ್ಲ ಇಲ್ಲಿಂದಲೇ ಹಂಚುವುದಂತೆ. ದಿನವಿಡೀ ತಲೆಯ ಮೇಲೆ ದಢ್ ದಢ್.

ಸೆಪ್ಟೆಂಬರ್ 5, ಗುರುವಾರ

ಚಾರ್ಟು ಹರಿದಿದೆ. ಶಾಲೆಗೂ ಮೇಲಂತಸ್ತಿಗೂ ನಡುವೆ, ಮೇಲಿಂದ ಕೆಳಕ್ಕೆ ನೇರವಾಗಿ. ಗೋಡೆ ಪಕ್ಕದ ಬೆಂಚು ನಾನು ಬಾಯಿಬಡುಕಿ ಎಂದು ಹೆಸರಿಟ್ಟ ಹುಡುಗಿಯದು. ಇನ್ಯಾರು?

"ನಾನಲ್ಲ ಸಾರ್."

"ಮತ್ತೆ ಗೋಡೆ ಹರೀತಾ?" ಎಂದೆ. ಕ್ಲಾಸು ಘೊಳ್ಳೆಂದು ನಕ್ಕಿತು. ನನಗೂ ಖುಷಿಯಾಯಿತು, ಸುಳ್ಳೇಕೆ.

ಹಿಂದಿನಿಂದ ಪಟ್ಟಿ ಹಚ್ಚಿ ಅಂಟಿಸಿದೆ. ಶರ್ಟಿನ ತೋಳೆಲ್ಲ ಗೋಂದು. ಮನೆಯಲ್ಲಿ ಅಕ್ಕನಿಂದ ಮಂಗಳಾರತಿ.

ಸೆಪ್ಟೆಂಬರ್ 6, ಶುಕ್ರವಾರ

ಮತ್ತೆ ಅದೇ ಜಾಗ! ತಲೆ ಕೆಟ್ಟಿತು. ಬಾಯಿಬಡುಕಿಯನ್ನು ಗೋಡೆಗೆ ಮುಖ ಮಾಡಿ ಪೂರ್ತಿ ಪಿರಿಯಡ್ ನಿಲ್ಲಿಸಿದೆ. ಅಳಲಿಲ್ಲ, ಮೊಂಡಿ. ಬೆಲ್ ಆದ ಮೇಲೆ ಟೇಬಲ್ ಹತ್ತಿರ ಬಂದಳು.

"ಸಾರ್, ಗೋಡೆಗೆ ಕಿವಿ ಇಟ್ರೆ ಕೇಳ್ಸುತ್ತೆ."

"ಏನು?"

"ಗೊತ್ತಿಲ್ಲ. ಒಳಗೆ ಏನೋ ಉದುರ್ತಾ ಇರುತ್ತೆ."

ಕತೆ ಕಟ್ಟುವುದರಲ್ಲಿ ಎತ್ತಿದ ಕೈ.

ಸೆಪ್ಟೆಂಬರ್ 11, ಬುಧವಾರ

ಇನ್‌ಸ್ಪೆಕ್ಷನ್ ಮುಗಿಯಿತು. ಮತ್ತೆ ಅಂಟಿಸಿದ್ದ ಕಾಲರೇಖೆಗೆ ಶಹಭಾಸ್‌ಗಿರಿ. ಬಂದವರು ಹೋದ ಅರ್ಧ ಗಂಟೆಗೆ ನೋಡಿದರೆ — ಹರಿದಿದೆ. ಮೂರನೇ ಸಲ. ಆ ಹೊತ್ತಿಗೆ ಮಕ್ಕಳೆಲ್ಲ ಮೈದಾನದಲ್ಲಿದ್ದರು.

ಕ್ಲಾಸಿನ ಬಾಗಿಲು ಬೇರೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿದೆ. ಹೆಗಲು ಕೊಟ್ಟು ತಳ್ಳಬೇಕು. ಜವಾನನಿಗೆ ಹೇಳಿದೆ.

ಸೆಪ್ಟೆಂಬರ್ 15, ಭಾನುವಾರ

ಊಟಕ್ಕೆ ಕೂತಾಗ ಚಾರ್ಟಿನ ಪುರಾಣವನ್ನು ತಮಾಷೆಗೆಂದು ಹೇಳಿದೆ. ಅಕ್ಕ ನಕ್ಕಳು. ಭಾವ ನಗಲಿಲ್ಲ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ ತಟ್ಟೆಯಲ್ಲೇ ನಿಂತಿತು.

"ಮೇಷ್ಟ್ರೇ, ಬಿರುಕು ಬೆಳೀತಿದ್ಯಾ ಇಲ್ವಾ ನೋಡೋಕೆ ನಾವೇನ್ ಮಾಡ್ತೀವಿ ಗೊತ್ತಾ? ಅದರ ಮೇಲೆ ಅಡ್ಡಕ್ಕೆ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೀತೀವಿ. ಹರಿದ್ರೆ, ಗೋಡೆ ಸರೀತಾ ಇದೆ ಅಂತ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ.

"ಎಷ್ಟು ಸಲ ಹರೀತು?"

"ಮೂರು."

"ಆ ಕೋಣೇಲಿ ಮಕ್ಕಳನ್ನ ಕೂರಿಸ್ಬೇಡಿ."

ಹನ್ನೆರಡು ಅಡಿ ಪಟ್ಟಿ, ತಾರೀಖುಗಳ ಸಮೇತ, ನನ್ನ ಕೈಯಾರೆ ಅಂಟಿಸಿದ್ದೇನೆ. ಗೋಡೆ ಮೂರು ಸಲ ಹೇಳಿದೆ. ಶಿಕ್ಷೆ ಆ ಹುಡುಗಿಗೆ. ನಾಚಿಕೆಯಾಗುತ್ತಿದೆ.

ಸೆಪ್ಟೆಂಬರ್ 16, ಸೋಮವಾರ

ಪ್ರೇಯರ್‌ಗೆ ಮುಂಚೆ ಹೋಗಿ ಚಾರ್ಟು ಕಿತ್ತೆ. ಬಿರುಕಿನೊಳಗೆ ಕಿರುಬೆರಳು ಹೋಯಿತು. ಏಳನೇ ಕ್ಲಾಸನ್ನು ಇಡೀ ದಿನ ಮರದಡಿ ಕೂರಿಸಿದೆ.

ಹೆಡ್‌ಮಿಸ್ ಬಂದು ನೋಡಿದರು. ಮುಖ ಬಿಳಿಚಿಕೊಂಡಿತು. ಆದರೂ — "ನಾಳೆ ಟೆಸ್ಟ್ ಒಂದು ಮುಗೀಲಿ ಸಾರ್. ಬುಧವಾರ ಪುಸ್ತಕ ತಗೊಂಡು ಹೋಗೋಕೆ ಲಾರಿ ಬರುತ್ತೆ. ಮೇಲ್ಗಡೆ ಭಾರ ಇಳಿಯುತ್ತೆ. ಆಮೇಲೆ ಎಂಜಿನಿಯರ್‌ಗೆ ಬರೆಯೋಣ."

"ಟೆಸ್ಟೂ ಹೊರಗೇ ಮಾಡ್ತೀನಿ ಮೇಡಂ."

"ಅಪ್ಪ ಅಮ್ಮಂದಿರು ಕೇಳಿದ್ರೆ ಏನಂತೀರಿ? ಗೋಡೆ ಬೀಳುತ್ತೆ ಅಂತಾನಾ? ಎರಡು ಗಂಟೆ ವಿಷ್ಯ ಸಾರ್."

ಹೂಂ ಎಂದೆ. ಯಾಕೆ ಎಂದೆ? ಪ್ರಶ್ನೆ ಕೇಳುವುದು ಪ್ರಜೆಯ ಕರ್ತವ್ಯ ಎಂದು ವರ್ಷವಿಡೀ ಒದರುವ ನಾಲಿಗೆ ಇದು.

ಸಂಜೆ ನೋಡಿದರೆ ಜವಾನನ ಕೈಲಿ ಬಿರುಕಿನ ಮೇಲೆ ಹೊಸ ಚಾರ್ಟು ಹಚ್ಚಿಸಿದ್ದಾರೆ. ಎರಡು ಪದರ.

ಬಾಯಿಬಡುಕಿಗೆ ತಪ್ಪಾಯಿತು ಎನ್ನಬೇಕಿತ್ತು. ನಾಳೆ, ಟೆಸ್ಟ್ ಮುಗಿದ ಮೇಲೆ.

ಸೆಪ್ಟೆಂಬರ್ 17, ಮಂಗಳವಾರ, ಬೆಳಿಗ್ಗೆ 10.40

ಟೆಸ್ಟ್ ನಡೆಯುತ್ತಿದೆ. ಬೆಂಚುಗಳನ್ನೆಲ್ಲ ಬಲಕ್ಕೆ ಒತ್ತರಿಸಿದ್ದೇನೆ. ಬಾಯಿಬಡುಕಿಯನ್ನು ನನ್ನ ಟೇಬಲ್ ಎದುರೇ ಕೂರಿಸಿದ್ದೇನೆ. ಕೈ ಸುಮ್ಮನಿರದೆ ಡೈರಿ ತೆಗೆದೆ. ಹೊರಗೆ ಗಲಾಟೆ ಎಂದು ಜವಾನ ಈಗಷ್ಟೇ ಬಾಗಿಲನ್ನು ಹೆಗಲಿನಿಂದ ಗುದ್ದಿ ಮುಚ್ಚಿ ಹೋದ. ಹೋಗಿ ತೆರೆಯಬೇಕು.

10.52. ಯಾರೋ ಹಾಳೆ ಹರಿದ ಸದ್ದು. "ಯಾರದು?" ಎಂದೆ. ಎಲ್ಲರ ತಲೆ ಬಗ್ಗಿದೆ, ಎಲ್ಲರ ಪೆನ್ನೂ ಓಡುತ್ತಿದೆ.

ಬಾಯಿಬಡುಕಿ ಮಾತ್ರ ಬರೆಯುತ್ತಿಲ್ಲ. ಎಡಗಡೆ ಗೋಡೆಯನ್ನೇ ನೋಡುತ್ತಿದ್ದಾಳೆ. ಕೈ ಎತ್ತಿದಳು.

"ಸಾರ್, ನಾನಲ್ಲ —"