ಪರದೆಗೆ ಬಿದ್ದ ವನ್ಸ್‌ಮೋರ್

ಮೂಡಿಗೆರೆ, ೧೯೩೪

ಗೆಳೆಯಾ ಮಲ್ಲಾಚಾರಿ, ಕೇಳು!

ನೀನು ತೀರಿಕೊಂಡ ಮೇಲೆ ನಿನ್ನೆಯೇ ನಮ್ಮ ಮೊದಲ ನಾಟಕ. ನೀನು ಬರೆದ ಕೈಲಾಸದ ಪರದೆ ಇಳಿಯಿತು. ಶಿವನ ವೇಷದಲ್ಲಿ ಅದರ ಮುಂದೆ ನಿಂತು ಗುಡುಗಲು ಬಾಯಿ ತೆರೆದೆ. ಅಷ್ಟರಲ್ಲಿ ತೋಟದ ಮೇಸ್ತ್ರಿ ಗುರುವಯ್ಯ ಎದ್ದು, “ಅಯ್ಯೋ, ಇದು ನಮ್ಮ ದೇವರಮನೆ ಗುಡ್ಡ ಅಲ್ವೇನ್ರೋ! ಶಿವಪ್ಪಾ, ಸ್ವಲ್ಪ ಆಚೆ ಸರೀರಿ!” ಎಂದು ಕೂಗಿದ. ಜನರೆಲ್ಲ “ವನ್ಸ್‌ಮೋರ್!” ಎಂದರು. ನನ್ನ ಹಾಡಿಗಲ್ಲ, ಪರದೆಗೆ! ಅದನ್ನು ಮೇಲಕ್ಕೆ ಸುತ್ತಿ ಮತ್ತೆ ಇಳಿಸಬೇಕಾಯಿತು. ನಾನು ಜಟೆ, ಹಾವುಗಳ ಸಮೇತ ಕೆಳಗಿಳಿದು ಗುರುವಯ್ಯನ ಪಕ್ಕ ಕುಳಿತೆ. ಹುಲ್ಲಿನ ಮೇಲೆ ಓಡುವ ಮೋಡದ ನೆರಳನ್ನೂ ಬರೆದಿದ್ದೀಯಲ್ಲೋ!

“ಯಾವಾಗಲೂ ನನ್ನ ಪರದೆಗೆ ಬೆನ್ನು ಹಾಕಿ ನಿಲ್ತೀಯ. ಒಂದ್ಸಲ ಕೆಳಗೆ ಕೂತು ನೋಡು ಮಾರಾಯ” ಎಂದು ನೀನು ನಮ್ಮ ಕಂಪನಿಯ ಪ್ರತಿ ಕ್ಯಾಂಪಿನಲ್ಲೂ ಕರೆಯುತ್ತಿದ್ದೆ.

ಕೂತು ನೋಡಿದೆ ಮಾರಾಯ.